ಚಾಟಿ ಹಿಡಿಯದ ಮೇಷ್ಟರು

ಅಮೆರಿಕದ ಟೆನೆಸ್ಸೀ ರಾಜ್ಯದಲ್ಲಿ ಶೆಲ್ಬಿವಿಲ್ ಎಂಬ ಒಂದು ಪಟ್ಟಣವಿದೆ. 1889ರಲ್ಲಿ ಅಲ್ಲಿಯ ಡಾಕ್ಟರ್ ವಿಲಿಯಂ ಕೀ ಎಂಬುವರ ಲಾಯದಲ್ಲಿ ಒಂದು ಕುದುರೆ ಮರಿ ಹುಟ್ಟಿತು. ತಾಯಿ ಅರಬ್ಬಿ ತಳಿಯದು, ಹೆಸರು ಲಾರೆಟಾ. ಯಾವುದೋ ಸರ್ಕಸ್ಸಿನಲ್ಲಿ ಏಟು ತಿಂದು ಸೊರಗಿ, ಸರ್ಕಸ್ಸು ದಿವಾಳಿಯೆದ್ದಾಗ ಕೀ ಅವರ ಕೈಗೆ ಬಂದಿದ್ದ ಬಡಪಾಯಿ. ಅದನ್ನು ಆರೈಕೆ ಮಾಡಿ ಚೇತರಿಸಿಕೊಳ್ಳುವಂತೆ ಮಾಡಿ, ಒಳ್ಳೆಯ ತಳಿಯ ಗಂಡು ಕುದುರೆಗೆ ಕೂಡಿಸಿ, ಓಟದ ಬಯಲಿನಲ್ಲಿ ಹೆಸರು ಮಾಡುವಂಥ ಮರಿ ಹುಟ್ಟೀತು ಎಂದು ಅವರು ಕಾದಿದ್ದರು. ಹುಟ್ಟಿದ್ದು ಸೊಟ್ಟ ಕಾಲಿನ, ಎದ್ದು ನಿಂತರೆ ತೂರಾಡುವ ಬಡಕಲು ಮರಿ. ಇದು ಬದುಕುವುದಿಲ್ಲ ಎಂದೇ ನೋಡಿದವರ ಮಾತು. ಊರಿನಲ್ಲಿ ಜಿಮ್ ಎಂಬ ಕುಡುಕನೊಬ್ಬ ಹೀಗೆಯೇ ತೂರಾಡುತ್ತ ನಡೆಯುತ್ತಿದ್ದನಂತೆ. ದೊಡ್ಡ ದೊಡ್ಡ ಹೆಸರುಗಳನ್ನು ಯೋಚಿಸಿಟ್ಟಿದ್ದ ಕೀ, ಅವನ್ನೆಲ್ಲ ಪಕ್ಕಕ್ಕಿಟ್ಟು ಮರಿಗೆ ಜಿಮ್ ಎಂದೇ ಕರೆದರು.

ತಾಯಿ ಕುದುರೆ ಹೆಚ್ಚು ದಿನ ಉಳಿಯಲಿಲ್ಲ. ತಬ್ಬಲಿ ಮರಿ ಲಾಯದಲ್ಲಿ ಒಂದೇ ಇರಲಾರದೆ ಮನೆಯ ಬಾಗಿಲಿಗೆ ಬಂದು ನಿಲ್ಲತೊಡಗಿತು. ನಾಯಿಮರಿಯ ಹಾಗೆ ಹಿಂದೆ ಹಿಂದೆಯೇ ಸುತ್ತುತ್ತಿತ್ತು. ಕೊನೆಗೆ ಗಂಡ ಹೆಂಡತಿ ಇಬ್ಬರೂ ಸೋತು ಅದನ್ನು ಮನೆಯೊಳಗೇ ಬಿಟ್ಟುಕೊಂಡರು. ಕುದುರೆ ಮರಿಯನ್ನು ನಡುಮನೆಯಲ್ಲಿ ಮಲಗಿಸಿಕೊಳ್ಳುವುದೆಂದರೆ ಸಾಮಾನ್ಯವೇ? ಗುಡಿಸಿ ಸಾರಿಸುವವರ ಕಷ್ಟ ನಮಗೆ ಗೊತ್ತು! ಮರಿ ಬೆಳೆದು ಬಾಗಿಲಲ್ಲಿ ತೂರಲಾರದಷ್ಟು ದೊಡ್ಡದಾದ ಮೇಲೆ ಲಾಯಕ್ಕೆ ಕಳುಹಿಸಲೇಬೇಕಾಯಿತು. ಆಗ ಡಾಕ್ಟರು ತಮ್ಮ ಮಂಚವನ್ನೇ ಲಾಯಕ್ಕೆ ಸಾಗಿಸಿ ಅದರ ಪಕ್ಕದಲ್ಲಿ ಮಲಗಿದರು.

ಒಂದು ದಿನ ಕೀ ಅವರ ಹೆಂಡತಿ ಲುಸಿಂಡಾ ಸೇಬು ತಿನ್ನುತ್ತ ಕೂತಿದ್ದಾಗ, ಮಗುವನ್ನು ಕೇಳುವ ಹಾಗೆ, ನಿನಗೂ ಒಂದು ಚೂರು ಬೇಕೇನೋ ಎಂದು ಮರಿಯನ್ನು ಕೇಳಿದಳಂತೆ. ಅದು ಹೌದೆಂಬಂತೆ ತಲೆಯಾಡಿಸಿತು. ಇನ್ನೊಮ್ಮೆ ಕೇಳಿದಳು, ಮತ್ತೆ ತಲೆಯಾಡಿಸಿತು. ಆಕೆ ಗಂಡನನ್ನು ಕೂಗಿ ಕರೆದಳು. ಮುಂದೆ ಲಕ್ಷಾಂತರ ಜನ ದುಡ್ಡು ಕೊಟ್ಟು ನೋಡಿದ 'ಬ್ಯೂಟಿಫುಲ್ ಜಿಮ್ ಕೀ' ಎಂಬ ಕುದುರೆಯ ವಿದ್ಯಾಭ್ಯಾಸ ಶುರುವಾದದ್ದು ಹೀಗೆ, ಒಬ್ಬ ಹೆಂಗಸಿನ ಕೈಯಲ್ಲಿದ್ದ ಸೇಬಿನ ಚೂರಿನಿಂದ. ಕುದುರೆಯ ಹೆಸರು, ಡಾಕ್ಟರ ಹೆಸರು ಪತ್ರಿಕೆಗಳಲ್ಲೆಲ್ಲ ಬಂತು. ಲುಸಿಂಡಾಳ ಹೆಸರನ್ನು ಹುಡುಕಿ ತೆಗೆಯಬೇಕು.

ಕುದುರೆಯ ಕಥೆಯನ್ನು ಮುಂದುವರಿಸುವ ಮೊದಲು ಕುದುರೆಯ ಮೇಷ್ಟರ ಕಥೆ ಹೇಳಬೇಕು. ನನ್ನನ್ನು ಹಿಡಿದು ನಿಲ್ಲಿಸಿದ್ದು ಅದೇ.

ವಿಲಿಯಂ ಕೀ ಹುಟ್ಟಿದ್ದು 1833ರಲ್ಲಿ, ಗುಲಾಮನಾಗಿ. 'ಕೀ' ಎಂಬ ಅಡ್ಡಹೆಸರು ಕೂಡ ಒಡೆಯನ ಮನೆತನದ್ದೇ. ಆ ಕಾಲದ ಜಮೀನುದಾರರು ಸತ್ತಾಗ ಅವರ ಆಸ್ತಿಯ ಪಟ್ಟಿ ಮಾಡುತ್ತಿದ್ದರು. ಆ ಪಟ್ಟಿಗಳಲ್ಲಿ ಗುಲಾಮರ ಹೆಸರು ಕುದುರೆ, ಹಸು, ನೇಗಿಲು, ಮೇಜು ಕುರ್ಚಿಗಳ ಜೊತೆಯಲ್ಲೇ ಇರುತ್ತಿತ್ತು, ಮುಂದೆ ಇಷ್ಟು ಡಾಲರು ಎಂದು ಬೆಲೆ. ಕುದುರೆಯ ಮೈಮೇಲೆ ಬೀಳುವ ಚಾಟಿಗೂ ಮನುಷ್ಯನ ಬೆನ್ನಿನ ಮೇಲೆ ಬೀಳುವ ಚಾಟಿಗೂ ಅಲ್ಲಿ ಹೆಚ್ಚು ಅಂತರವಿರಲಿಲ್ಲ. ಈ ಹುಡುಗನ ಅದೃಷ್ಟಕ್ಕೆ ಶೆಲ್ಬಿವಿಲ್‌ನ ಜಾನ್ ಕೀ ಎಂಬ ಒಡೆಯನ ಮನೆಯಲ್ಲಿ ಓದು ಬರಹ ಕಲಿಯಲು ಅವಕಾಶ ಸಿಕ್ಕಿತು. ದಕ್ಷಿಣದ ಹಲವು ರಾಜ್ಯಗಳಲ್ಲಿ ಗುಲಾಮರಿಗೆ ಅಕ್ಷರ ಕಲಿಸುವುದೇ ಅಪರಾಧ ಎಂಬ ಕಾನೂನಿದ್ದ ಕಾಲ ಅದು. ಹುಡುಗನಿಗೆ ಬಾಲ್ಯದಿಂದಲೂ ಪ್ರಾಣಿಗಳ ಮೇಲೆ ವಿಪರೀತ ಪ್ರೀತಿ. ಯಾರಿಗೂ ಬಗ್ಗದ ಕುದುರೆ, ಹೇಸರಗತ್ತೆಗಳು ಈತ ಹತ್ತಿರ ಹೋದರೆ ಸುಮ್ಮನೆ ನಿಲ್ಲುತ್ತಿದ್ದವಂತೆ. ನಮ್ಮ ಕಡೆ ದನಗಳಿಗೆ ಔಷಧಿ ಕೊಡುವ ನಾಟಿ ವೈದ್ಯರಿರುತ್ತಾರಲ್ಲ, ಹಾಗೆ ಯಾವ ಕಾಲೇಜಿಗೂ ಹೋಗದೆ ಆತ ಪಶುವೈದ್ಯನಾದ. ಡಾಕ್ಟರ್ ಎಂಬ ಹೆಸರು ಜನ ಕೊಟ್ಟದ್ದು.

ಇಲ್ಲಿ ಒಂದು ಮಾತು. ಅಮೆರಿಕದ ದಕ್ಷಿಣದಲ್ಲಿ ಬಿಳಿಯರು ವಯಸ್ಸಾದ ಕರಿಯ ಗಂಡಸನ್ನು 'ಮಿಸ್ಟರ್' ಎಂದು ಕರೆಯುತ್ತಿರಲಿಲ್ಲ. ಅದು ಗೌರವದ ಮಾತಾಯಿತಲ್ಲ! ಅದರ ಬದಲು 'ಅಂಕಲ್' ಎನ್ನುತ್ತಿದ್ದರು. ಪತ್ರಿಕೆಗಳಲ್ಲಿ ಕೀ ಅವರನ್ನು 'ಅಂಕಲ್ ಬಿಲ್' ಎಂದು ಬರೆದದ್ದು ಪ್ರೀತಿಯಿಂದಲೇ ಇರಬಹುದು. ಆದರೂ ಆ ಪ್ರೀತಿಯೊಳಗೆ ಒಂದು ಮುಳ್ಳಿದೆ. ನಮ್ಮ ಕನ್ನಡದಲ್ಲಿ ಬಹುವಚನವೊಂದು ಇದೆ. ಗುಲಾಮ ಹುಡುಗನನ್ನು ಇಲ್ಲಿಯವರೆಗೆ 'ಆತ' ಎಂದೆ. ಇನ್ನು ಮುಂದೆ ಅವರನ್ನು ಅವರು ಎಂದೇ ಬರೆಯುತ್ತೇನೆ.

1861ರಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾಯಿತು. ಗುಲಾಮಗಿರಿಯನ್ನು ಉಳಿಸಿಕೊಳ್ಳಬೇಕೆಂದ ದಕ್ಷಿಣದ ರಾಜ್ಯಗಳು ಒಂದು ಕಡೆ, ಉತ್ತರದ ರಾಜ್ಯಗಳು ಇನ್ನೊಂದು ಕಡೆ. ಒಡೆಯನ ಇಬ್ಬರು ಗಂಡುಮಕ್ಕಳು ದಕ್ಷಿಣದ ಸೈನ್ಯಕ್ಕೆ ಸೇರಿದರು. ಅವರನ್ನು ಕಾಯಲೆಂದು ವಿಲಿಯಂ ಕೀ ಕೂಡ ಹೊರಟರು! ತಮ್ಮನ್ನು ಗುಲಾಮರನ್ನಾಗಿಯೇ ಇಟ್ಟುಕೊಳ್ಳಲು ಹೋರಾಡುತ್ತಿದ್ದ ಸೈನ್ಯದ ಜೊತೆಗೆ. 1862ರ ಫೆಬ್ರವರಿಯಲ್ಲಿ ಡೊನೆಲ್ಸನ್ ಕೋಟೆಗೆ ಮುತ್ತಿಗೆ ಬಿದ್ದಾಗ ಕೀ ನೆಲ ಅಗೆದು, ಮರದ ದಿಮ್ಮಿ ಹೊದಿಸಿ ಒಂದು ಗುಂಡಿಮನೆ ಮಾಡಿ, ಗುಂಡುಗಳ ಮಳೆಯಲ್ಲಿ ಒಡೆಯನ ಮಕ್ಕಳನ್ನು ಅದರಲ್ಲಿ ಕಾಪಾಡಿದರು ಎಂದು ಮುಂದೆ ಕುದುರೆಯ ಪ್ರದರ್ಶನಗಳಲ್ಲಿ ಮಾರುತ್ತಿದ್ದ ಪುಸ್ತಿಕೆ ಹೇಳುತ್ತದೆ. ಆ ಗುಂಡಿಗೆ ಸೈನಿಕರು 'ಫೋರ್ಟ್ ಬಿಲ್' ಎಂದು ಹೆಸರಿಟ್ಟರಂತೆ.

1865ರಲ್ಲಿ ಯುದ್ಧ ಮುಗಿದು ಗುಲಾಮಗಿರಿ ಹೋಯಿತು. ಕೀ ಸ್ವತಂತ್ರರಾದರು. ಊರಿಗೆ ಬಂದು ನೋಡಿದರೆ ಒಡೆಯನ ಮನೆ ಹಾಳಾಗಿತ್ತು. ಜಮೀನು ಅಡವು ಬಿದ್ದಿತ್ತು. ಬೇರೆ ಯಾರಾದರೂ ಆಗಿದ್ದರೆ ಏನು ಮಾಡುತ್ತಿದ್ದರೋ! ಕೀ ಒಂದು ನೋವಿನ ಎಣ್ಣೆ ಕಾಯಿಸಿದರು. 'ಕೀಸ್ಟೋನ್ ಲಿನಿಮೆಂಟ್' ಎಂದು ಅದಕ್ಕೆ ಹೆಸರು. ಕುದುರೆಯ ಕಾಲಿಗೂ ಆಗುತ್ತಿತ್ತು, ಮನುಷ್ಯರ ಸೊಂಟಕ್ಕೂ ಆಗುತ್ತಿತ್ತು. ಗಾಡಿ ಕಟ್ಟಿಕೊಂಡು ಊರೂರು ತಿರುಗಿ ಮಾರಿದರು. ಕೈ ತುಂಬ ದುಡ್ಡು ಬಂತು. ಆ ದುಡ್ಡಿನಲ್ಲಿ ಹಳೆಯ ಒಡೆಯನ ಮನೆಯ 5,000 ಡಾಲರ್ ಸಾಲ ತೀರಿಸಿದರು, ಹುಡುಗರ ಓದಿಗೂ ನೆರವಾದರು ಎಂಬುದು ಅದೇ ಪುಸ್ತಿಕೆಯ ಮಾತು.

ಇದನ್ನು ಓದಿದಾಗ ನನಗೆ ಮೊದಲು ಬಂದದ್ದು ಸಿಟ್ಟು. ಆ ಪುಸ್ತಿಕೆಯನ್ನು ಅಚ್ಚು ಹಾಕಿಸಿದವರು ಬಿಳಿಯರು. 'ನೋಡಿ, ಎಂಥ ನಿಷ್ಠಾವಂತ ಗುಲಾಮ' ಎಂದು ಹೇಳಿಕೊಳ್ಳಲು ಅವರಿಗೆ ಇಷ್ಟವಿತ್ತು. ಓದುವವರಿಗೂ ಅದು ಹಿತವಾಗಿತ್ತು. ಹಾಗಾದರೆ ಇದೆಲ್ಲ ಬರೀ ಕಟ್ಟುಕಥೆಯೇ? ಹಾಗೆಂದು ತಳ್ಳಿಹಾಕಲೂ ನನಗೆ ಮನಸ್ಸು ಬರುವುದಿಲ್ಲ. ಕೀ ಆ ಮಕ್ಕಳೊಂದಿಗೆ ಬೆಳೆದವರು. ತನ್ನದಲ್ಲದ ಮನೆಯಲ್ಲಿ ಇದ್ದು, ಅಲ್ಲಿಯವರ ಹಸಿವು ಕಾಯಿಲೆಗಳನ್ನೆಲ್ಲ ನೋಡಿಕೊಂಡು, ಕೊನೆಗೆ ಅದೇ ತನ್ನ ಮನೆ ಎನ್ನಿಸಿಬಿಡುವುದು ಎಷ್ಟು ಹೆಂಗಸರಿಗೆ ಗೊತ್ತಿಲ್ಲ? ಅಧಿಕಾರ ಯಾರದು ಎಂದು ತಿಳಿದಿದ್ದೂ ಪ್ರೀತಿ ಬೆಳೆಯುತ್ತದೆ. ಅದನ್ನು ನಿಷ್ಠೆ ಎಂದು ಹೊಗಳಿದರೂ ತಪ್ಪು, ದಾಸ್ಯ ಎಂದು ಹಳಿದರೂ ಅನ್ಯಾಯ. ಇನ್ನೂ ಒಂದು ಬಗೆಯಲ್ಲಿ ಯೋಚಿಸಬಹುದು. ನಿನ್ನೆಯವರೆಗೆ ಬೆಲೆ ಕಟ್ಟಿಸಿಕೊಂಡಿದ್ದ ಮನುಷ್ಯ, ತನಗೆ ಬೆಲೆ ಕಟ್ಟಿದ್ದ ಮನೆಯ ಸಾಲವನ್ನು ತಾನೇ ಎಣಿಸಿ ಕೊಡುವಾಗ ಅವನ ತಲೆ ತಗ್ಗಿತ್ತೆಂದು ನನಗೆ ಅನ್ನಿಸುವುದಿಲ್ಲ.

ಇರಲಿ. ಸೇಬಿನ ಚೂರಿಗೆ ತಲೆಯಾಡಿಸಿದ ಮರಿಗೆ ಪಾಠ ಹೇಳಿಕೊಡಲು ಕೀ ಏಳು ವರ್ಷ ತೆಗೆದುಕೊಂಡರು. ಹೊಡೆತವಿಲ್ಲ, ಗದರುವುದಿಲ್ಲ. 'ಎ' ಅಕ್ಷರದ ತಗಡಿನ ಮೇಲೆ ಸಕ್ಕರೆ ಸವರಿ ಮುಂದೆ ಹಿಡಿಯುವುದು, ಜಿಮ್ ನೆಕ್ಕುವಾಗ 'ಎ, ಎ' ಎನ್ನುತ್ತಿರುವುದು. ನಮ್ಮಲ್ಲಿ ಅಕ್ಕಿಯ ಮೇಲೆ ಮಗುವಿನ ಬೆರಳು ಹಿಡಿದು ಓಂಕಾರ ಬರೆಸಿ ಬಾಯಿಗೆ ಬೆಲ್ಲ ಇಡುತ್ತೇವಲ್ಲ, ಹಾಗೆ! ಆ ಒಂದೇ ಅಕ್ಷರಕ್ಕೆ ತಿಂಗಳುಗಟ್ಟಲೆ ಹಿಡಿಯಿತಂತೆ.

ನನ್ನ ಬಾಲ್ಯದಲ್ಲಿ ನಮ್ಮ ಊರಿನ ರೈಲ್ವೆ ಸ್ಟೇಷನ್ನಿನ ಮುಂದೆ ಜಟಕಾ ಗಾಡಿಗಳು ಸಾಲಾಗಿ ನಿಂತಿರುತ್ತಿದ್ದವು. ಕಣ್ಣಿನ ಪಕ್ಕಕ್ಕೆ ಚರ್ಮದ ಪಟ್ಟಿ, ಕೊರಳಲ್ಲಿ ಹುಲ್ಲಿನ ಚೀಲ, ಚಕ್ರದ ಪಕ್ಕದಲ್ಲಿ ಸಿಕ್ಕಿಸಿದ ಚಾಟಿ. ಏರಿನಲ್ಲಿ ಗಾಡಿ ನಿಂತರೆ ಮೊದಲು ನಾಲಿಗೆಯ ಸದ್ದು, ಆಮೇಲೆ ಚಾಟಿ. ಶಾಲೆಯಲ್ಲೂ ಅಷ್ಟೇ. ಮಗ್ಗಿ ತಪ್ಪಿದರೆ ಮೊದಲು ಕಣ್ಣು ಕೆಂಪು, ಆಮೇಲೆ ಬೆತ್ತ. ಹೊಡೆಯದೆ ಕುದುರೆಯೂ ನಡೆಯುವುದಿಲ್ಲ, ಹುಡುಗರೂ ಕಲಿಯುವುದಿಲ್ಲ ಎಂಬುದು ಆಗ ಎಲ್ಲರೂ ಒಪ್ಪಿದ್ದ ಮಾತು. ಅದಕ್ಕೂ ಬಹಳ ಹಿಂದೆ, ಚಾಟಿಯ ರುಚಿ ಏನೆಂದು ತನ್ನ ಜನರ ಬೆನ್ನಿನ ಮೇಲೆ ನೋಡಿದ್ದ ಮನುಷ್ಯ ಅದನ್ನು ಕೈಯಲ್ಲೇ ಹಿಡಿಯದೆ ಪಾಠ ಹೇಳಿದರು ಎನ್ನುವುದು ಸಣ್ಣ ಮಾತಲ್ಲ.

ಮೊದಮೊದಲು ಜಿಮ್ ಔಷಧಿ ಗಾಡಿಯ ಜೊತೆ ಹೋಗುತ್ತಿತ್ತು. ಅಲ್ಲಿ ಅದರ ಕೆಲಸವೇನು ಗೊತ್ತೇ? ಜನ ಸೇರಿದ ಮೇಲೆ ಕುಂಟುವುದು, ನರಳುವುದು, ಇನ್ನೇನು ಸತ್ತೇಹೋಗುತ್ತದೆ ಎನ್ನುವ ಹಾಗೆ ನಟಿಸುವುದು. ಕೀ ಎಣ್ಣೆ ಹಚ್ಚಿದ ಕೂಡಲೇ ಎದ್ದು ಕುಣಿಯುವುದು! ಶೀಶೆಗಳು ಖಾಲಿಯಾಗುತ್ತಿದ್ದವು. ಜಾತ್ರೆಯಲ್ಲಿ ಹಾವಿನ ಬುಟ್ಟಿ ಇಟ್ಟುಕೊಂಡು ತಾಯಿತ ಮಾರುವವರನ್ನು ನೋಡಿದ ನಮಗೆ ಇದೇನೂ ಹೊಸದಲ್ಲ. ನಮ್ಮ ಡಾಕ್ಟರು ಸಂತರೇನೂ ಆಗಿರಲಿಲ್ಲ ಎಂಬುದು ನನಗೆ ಒಂದು ರೀತಿಯಲ್ಲಿ ಸಮಾಧಾನ. ವ್ಯಾಪಾರ ಬಲ್ಲವರು, ನಗಿಸಬಲ್ಲವರು. ಇಲ್ಲದಿದ್ದರೆ ಆ ಕಾಲದಲ್ಲಿ ಒಬ್ಬ ಕರಿಯ ಮನುಷ್ಯ ಹಣ ಮಾಡುವುದು ಹೇಗೆ?

1897ರಲ್ಲಿ ನ್ಯಾಶ್‌ವಿಲ್ ನಗರದಲ್ಲಿ ಟೆನೆಸ್ಸೀ ರಾಜ್ಯದ ನೂರು ವರ್ಷದ ದೊಡ್ಡ ವಸ್ತುಪ್ರದರ್ಶನ ನಡೆಯಿತು. ಜಿಮ್ ಅಲ್ಲಿ ಮನೆಮಾತಾಯಿತು. ಅಧ್ಯಕ್ಷ ಮೆಕಿನ್ಲಿಯವರೇ ಬಂದು ನೋಡಿ ಬೆರಗಾದರಂತೆ. ಆಲ್ಬರ್ಟ್ ರಾಜರ್ಸ್ ಎಂಬ, ಪ್ರಾಣಿ ದಯಾ ಸಂಘದೊಂದಿಗೆ ಸಂಬಂಧವಿದ್ದ ಉತ್ತರದ ಶ್ರೀಮಂತನ ಕಣ್ಣಿಗೂ ಅದು ಬಿತ್ತು. ರಾಜರ್ಸ್ ಜಿಮ್‌ನನ್ನು ದೇಶಕ್ಕೆಲ್ಲ ತೋರಿಸುವ ಹಕ್ಕು ಪಡೆದ. ಆದರೆ ಕುದುರೆಯನ್ನೂ ತಮ್ಮನ್ನೂ ಅಗಲಿಸಬಾರದು ಎಂಬುದು ಕೀ ಅವರ ಷರತ್ತು. ಅದರಂತೆಯೇ ನಡೆಯಿತು. ಜಿಮ್ ಹೋದಲ್ಲೆಲ್ಲ ಕೀ ಇದ್ದರು. ಅವರ ಕೊನೆಯ ಹೆಂಡತಿಯ ತಮ್ಮ ಸ್ಟ್ಯಾನ್ಲಿ ಡೇವಿಸ್ ಕುದುರೆಯ ಆರೈಕೆಗೆ ಜೊತೆಗಿದ್ದ. ಒಟ್ಟು ನಾಲ್ಕು ಸಲ ಮದುವೆಯಾದವರು ಕೀ. ಅವರ ಮನೆಯವರಿಗೆಲ್ಲ ಜಿಮ್ ಎಂದರೆ ಮನೆಯ ಕೂಸು.

ಒಂಬತ್ತು ವರ್ಷ ಅವರು ಅಮೆರಿಕದ ಊರೂರು ತಿರುಗಿದರು. ನ್ಯೂಯಾರ್ಕ್, ಬಾಸ್ಟನ್, ಪಿಟ್ಸ್‌ಬರ್ಗ್, ಅಟ್ಲಾಂಟಿಕ್ ಸಿಟಿ… ರಂಗದ ಮೇಲೆ ಅಕ್ಷರದ ಕಾರ್ಡುಗಳ ಸಾಲು. ಸಭಿಕರು ಒಂದು ಹೆಸರು ಹೇಳಿದರೆ ಜಿಮ್ ಹೋಗಿ ಒಂದೊಂದೇ ಅಕ್ಷರವನ್ನು ಹಲ್ಲಿನಲ್ಲಿ ಎತ್ತಿ ತಂದು ಜೋಡಿಸುತ್ತಿತ್ತು. ಮೂವತ್ತರೊಳಗಿನ ಲೆಕ್ಕ ಮಾಡುತ್ತಿತ್ತು. ಗಡಿಯಾರ ನೋಡುತ್ತಿತ್ತು. ಅಂಗಡಿಯ ಗಲ್ಲಾ ಪೆಟ್ಟಿಗೆ ತೆರೆದು ಸರಿಯಾದ ಚಿಲ್ಲರೆ ಎತ್ತಿಕೊಡುತ್ತಿತ್ತು. ನೀರು ತುಂಬಿದ ಗಾಜಿನ ಪಾತ್ರೆಯ ತಳದಲ್ಲಿ ಬೆಳ್ಳಿಯ ಡಾಲರು ಹಾಕಿದರೆ ಒಂದು ಗುಟುಕೂ ಕುಡಿಯದೆ ಮೂತಿ ಮುಳುಗಿಸಿ ತೆಗೆಯುತ್ತಿತ್ತು. 1904ರ ಸೇಂಟ್ ಲೂಯಿಸ್ ವಿಶ್ವ ಪ್ರದರ್ಶನದಲ್ಲೂ ಜಿಮ್‌ನ ಆಟವಿತ್ತು. ಅಧ್ಯಕ್ಷ ರೂಸ್‌ವೆಲ್ಟರ ಮಗಳು ಆಲಿಸ್ ತನ್ನ ಗೆಳೆಯ ನಿಕೊಲಸ್ ಲಾಂಗ್‌ವರ್ತ್ ಜೊತೆ ನೋಡಲು ಬಂದಾಗ, ಜಿಮ್ ಅವಳ ಹೆಸರನ್ನು ಜೋಡಿಸಿ ಕೊನೆಗೆ 'ಲಾಂಗ್‌ವರ್ತ್' ಎಂದು ಸೇರಿಸಿಬಿಟ್ಟಿತಂತೆ! ಅವರ ಮದುವೆಯಾದದ್ದು 1906ರಲ್ಲಿ. ಇದು ಕುದುರೆಯ ತುಂಟತನವಲ್ಲ, ಡಾಕ್ಟರದ್ದು ಎಂದು ನನ್ನ ಗುಮಾನಿ.

ನಿಜವಾಗಿ ಆ ಕುದುರೆಗೆ ಓದಲು ಬರುತ್ತಿತ್ತೇ? ಈ ಪ್ರಶ್ನೆ ಬಿಟ್ಟು ಮುಂದೆ ಹೋಗುವ ಹಾಗಿಲ್ಲ. ಹಾರ್ವರ್ಡ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರು ಪರೀಕ್ಷಿಸಿ ಮೋಸವಿಲ್ಲ ಎಂದರೆಂದು ಆಗ ಸುದ್ದಿಯಾಗಿತ್ತು. ಅದೇ ಸುಮಾರಿಗೆ ಜರ್ಮನಿಯ ಬರ್ಲಿನ್‌ನಲ್ಲಿ ಹಾನ್ಸ್ ಎಂಬ ಇನ್ನೊಂದು ಕುದುರೆ ಇತ್ತು. ಅದರ ಯಜಮಾನ ವಿಲ್ಹೆಲ್ಮ್ ಫಾನ್ ಓಸ್ಟೆನ್ ನಿವೃತ್ತ ಗಣಿತದ ಮೇಷ್ಟರು. ಹಾನ್ಸ್ ಗೊರಸು ತಟ್ಟಿ ಲೆಕ್ಕದ ಉತ್ತರ ಹೇಳುತ್ತಿತ್ತು. 1907ರಲ್ಲಿ ಆಸ್ಕರ್ ಫುಂಗ್ಸ್ಟ್ ಎಂಬ ಮನೋವಿಜ್ಞಾನಿ ಅದರ ಗುಟ್ಟನ್ನು ಬರೆದು ಪ್ರಕಟಿಸಿದ. ಪ್ರಶ್ನೆ ಕೇಳುವವರು, ಗೊರಸಿನ ಸದ್ದು ಸರಿಯಾದ ಸಂಖ್ಯೆಗೆ ಬಂದ ಕ್ಷಣ, ತಮಗೇ ತಿಳಿಯದಂತೆ ತಲೆಯನ್ನು ಕೂದಲೆಳೆಯಷ್ಟು ಎತ್ತುತ್ತಿದ್ದರು. ಕುದುರೆ ಅದನ್ನು ಗಮನಿಸಿ ತಟ್ಟುವುದನ್ನು ನಿಲ್ಲಿಸುತ್ತಿತ್ತು. ಉತ್ತರ ಗೊತ್ತಿಲ್ಲದವರು ಕೇಳಿದರೆ, ಅಥವಾ ಕೇಳುವವರು ಕಣ್ಣಿಗೆ ಬೀಳದಿದ್ದರೆ, ಹಾನ್ಸ್‌ಗೆ ಏನೂ ತಿಳಿಯುತ್ತಿರಲಿಲ್ಲ. ಮೇಷ್ಟರು ಮೋಸಗಾರರಾಗಿರಲಿಲ್ಲ. ಅವರಿಗೇ ಇದು ಗೊತ್ತಿರಲಿಲ್ಲ ಪಾಪ.

ನಮ್ಮ ಬೀದಿಗೆ ಬರುವ ಕೋಲೆ ಬಸವನನ್ನು ನೆನಪಿಸಿಕೊಳ್ಳಿ. ಮೈತುಂಬ ಬಣ್ಣದ ಬಟ್ಟೆ ಹೊದ್ದು, ಗೆಜ್ಜೆ ಕಟ್ಟಿಕೊಂಡು ಬಂದು ಬಾಗಿಲಲ್ಲಿ ನಿಲ್ಲುತ್ತದೆ. 'ಅಮ್ಮಾವ್ರಿಗೆ ಒಳ್ಳೇದಾಯ್ತದಾ ಬಸವಾ?' ಎಂದರೆ ಹೌದೆಂದು ತಲೆಯಾಡಿಸುತ್ತದೆ. ಅದಕ್ಕೆ ನಮ್ಮ ಭವಿಷ್ಯ ಗೊತ್ತೆಂದು ಯಾರು ತಾನೇ ನಂಬುತ್ತಾರೆ? ಆದರೂ ಮೊರದಲ್ಲಿ ಅಕ್ಕಿ ತಂದು ಹಾಕುತ್ತೇವೆ. ಬಸವನಿಗೆ ತನ್ನ ಯಜಮಾನನ ದನಿ ಗೊತ್ತು, ಕೈಯ ಅಲುಗಾಟ ಗೊತ್ತು. ಜಿಮ್‌ಗೂ ಹಾಗೆಯೇ ಇದ್ದಿರಬೇಕು. ಹಗಲೆಲ್ಲ ಜೊತೆಗಿದ್ದು, ಇರುಳೆಲ್ಲ ಪಕ್ಕದಲ್ಲಿ ಮಲಗಿದ ಮನುಷ್ಯನ ಹುಬ್ಬು, ಭುಜ, ಉಸಿರು ಎಲ್ಲವನ್ನೂ ಅದು ಓದುತ್ತಿತ್ತು. ಇಂಗ್ಲಿಷ್ ಅಕ್ಷರ ಓದುವುದಕ್ಕಿಂತ ಅದು ಕಡಿಮೆಯ ವಿದ್ಯೆ ಎಂದು ನನಗೆ ಅನ್ನಿಸುವುದಿಲ್ಲ. ಕುದುರೆ ಬಲು ಹೆದರುಪುಕ್ಕಲ ಪ್ರಾಣಿ. ಕಾಡಿನಲ್ಲಿ ಅದು ಹುಲಿ ಸಿಂಹಗಳ ಆಹಾರ. ಹೆದರಿದರೆ ಅದಕ್ಕೆ ಓಡುವುದೊಂದೇ ಗೊತ್ತು. ಸಾವಿರಾರು ಜನರ ಚಪ್ಪಾಳೆ, ಬ್ಯಾಂಡು, ದೀಪಗಳ ನಡುವೆ ಅದು ಒಬ್ಬ ಮುದುಕನ ಮುಖವನ್ನೇ ನೋಡುತ್ತ ಶಾಂತವಾಗಿ ನಿಂತಿತ್ತು ಎಂದರೆ ಆ ಮುದುಕನನ್ನು ಎಷ್ಟು ನಂಬಿರಬೇಕು!

ಇಬ್ಬರ ಈ ನಂಟಿನಿಂದ ಆದ ಕೆಲಸವೂ ಒಂದಿದೆ. ಆಗ ಅಮೆರಿಕದ ನಗರಗಳ ಬಂಡಿ, ಟ್ರಾಮು, ಬೆಂಕಿ ಆರಿಸುವ ಗಾಡಿ ಎಲ್ಲವನ್ನೂ ಬಹುಕಾಲ ಎಳೆದದ್ದು ಕುದುರೆಗಳೇ. ರಸ್ತೆಯಲ್ಲಿ ಬಿದ್ದು ಸಾಯುವುದು ದಿನನಿತ್ಯದ ನೋಟ. ನಮ್ಮಲ್ಲಿ ಅನೇಕರು ಶಾಲೆಯಲ್ಲಿ ಓದಿದ 'ಬ್ಲಾಕ್ ಬ್ಯೂಟಿ'ಯನ್ನು ಇಂಗ್ಲೆಂಡಿನ ಆನಾ ಸೆವೆಲ್ ಬರೆದದ್ದು ಇಂಥ ಕುದುರೆಗಳ ಪರವಾಗಿ. ಹದಿನಾಲ್ಕನೇ ವಯಸ್ಸಿನಲ್ಲಿ ಬಿದ್ದು ಕಾಲು ಕಳೆದುಕೊಂಡಷ್ಟೇ ಆಗಿ, ಓಡಾಡಲು ಕುದುರೆ ಗಾಡಿಯನ್ನೇ ನೆಚ್ಚಿಕೊಂಡಿದ್ದವಳು ಆಕೆ. ಮಲಗಿದ ಕಡೆಯೇ ಬರೆದಳು, ತಾಯಿ ಅದನ್ನು ಶುದ್ಧಪ್ರತಿ ಮಾಡಿಕೊಟ್ಟಳು. 1877ರಲ್ಲಿ ಪುಸ್ತಕ ಬಂತು, ಮರುವರ್ಷ ಆನಾ ತೀರಿಕೊಂಡಳು. 1890ರಲ್ಲಿ ಅದನ್ನು ಅಮೆರಿಕದಲ್ಲಿ ಅಚ್ಚು ಹಾಕಿಸಿ ಹಂಚಿದವರು ಬಾಸ್ಟನ್ನಿನ ಜಾರ್ಜ್ ಏಂಜೆಲ್. ಅವರೇ 1882ರಲ್ಲಿ ಮಕ್ಕಳಿಗಾಗಿ 'ಬ್ಯಾಂಡ್ ಆಫ್ ಮರ್ಸಿ' ಎಂಬ ದಯಾ ಸಂಘಗಳನ್ನು ಶುರು ಮಾಡಿದ್ದರು. ಪುಸ್ತಕದ ಕುದುರೆ ಮಾತಾಡಿ ಒಲಿಸಿದ ಮಕ್ಕಳ ಮುಂದೆ ಜಿಮ್ ಜೀವಂತವಾಗಿ ಬಂದು ನಿಂತಿತು. ಪ್ರದರ್ಶನ ನೋಡಲು ಬಂದ ಮಕ್ಕಳಿಂದ, ಪ್ರಾಣಿಗಳಿಗೆ ಯಾವಾಗಲೂ ದಯೆ ತೋರುತ್ತೇನೆ ಎಂಬ ಒಂದು ಸಾಲಿನ ಪ್ರತಿಜ್ಞೆಗೆ ಸಹಿ ಹಾಕಿಸುತ್ತಿದ್ದರು. 'ಜಿಮ್ ಕೀ ಬ್ಯಾಂಡ್ ಆಫ್ ಮರ್ಸಿ' ಎಂದೇ ಅದಕ್ಕೆ ಹೆಸರು. ಹಾಗೆ ಸಹಿ ಹಾಕಿದವರ ಲೆಕ್ಕವನ್ನು ರಾಜರ್ಸ್ ಲಕ್ಷಗಳಲ್ಲಿ ಹೇಳಿಕೊಳ್ಳುತ್ತಿದ್ದ. ಅವನು ಪ್ರಚಾರದ ಮನುಷ್ಯ, ಒಂದಿಷ್ಟು ಕಡಿಮೆ ಮಾಡಿಕೊಂಡರೂ ಸಣ್ಣ ಸಂಖ್ಯೆಯಲ್ಲ.

ಈ ಕಾಲವನ್ನೂ ನೆನಪಿಡಬೇಕು. 1896ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ರೈಲಿನಲ್ಲಿ ಕರಿಯರಿಗೆ ಬೇರೆ ಡಬ್ಬಿ ಇಡುವುದು ತಪ್ಪಲ್ಲ ಎಂದು ತೀರ್ಪು ಕೊಟ್ಟಿತ್ತು. ದಕ್ಷಿಣದಲ್ಲಿ ಕರಿಯರನ್ನು ಗುಂಪುಗೂಡಿ ಕೊಲ್ಲುತ್ತಿದ್ದ ದಿನಗಳು. ಅಂಥ ದೇಶದಲ್ಲಿ ಗುಲಾಮನಾಗಿ ಹುಟ್ಟಿದ ಮನುಷ್ಯನೊಬ್ಬ ಒಳ್ಳೆಯ ಕೋಟು ತೊಟ್ಟು ರಂಗದ ಮೇಲೆ ನಿಂತು, ಬಿಳಿಯರ ಮಕ್ಕಳಿಗೆ ದಯೆ ಎಂದರೇನು ಎಂದು ಹೇಳಿಕೊಟ್ಟರು. ಆ ಮಕ್ಕಳ ಅಪ್ಪ ಅಮ್ಮಂದಿರು ಚಪ್ಪಾಳೆ ತಟ್ಟಿದರು. ಕುದುರೆಯ ಬಗ್ಗೆ ಅಷ್ಟು ಸುಲಭವಾಗಿ ಒಪ್ಪಿದ ಮಾತನ್ನು ಮನುಷ್ಯರ ಬಗ್ಗೆ ಒಪ್ಪಲು ಅವರಿಗೆ ಇನ್ನೂ ಅರವತ್ತು ವರ್ಷ ಬೇಕಾಯಿತು.

1906ರಲ್ಲಿ ತಿರುಗಾಟ ನಿಂತಿತು. ಡಾಕ್ಟರಿಗೂ ವಯಸ್ಸಾಗಿತ್ತು, ಜಿಮ್‌ಗೂ ಕಾಲು ನೋವು. ಇಬ್ಬರೂ ಶೆಲ್ಬಿವಿಲ್‌ಗೆ ಹಿಂತಿರುಗಿದರು. 1909ರಲ್ಲಿ ವಿಲಿಯಂ ಕೀ ತೀರಿಕೊಂಡರು. ಬರ್ಲಿನ್ನಿನ ಆ ಗಣಿತದ ಮೇಷ್ಟರು, ಫಾನ್ ಓಸ್ಟೆನ್, ತೀರಿಕೊಂಡದ್ದೂ ಅದೇ ವರ್ಷ. ಗುಟ್ಟು ಬಯಲಾದ ಮೇಲೆ ಅವರ ಮನಸ್ಸು ಕಹಿಯಾಗಿತ್ತು. ಹಾನ್ಸ್ ಮೇಲೇ ಮುನಿಸಿಕೊಂಡಿದ್ದರಂತೆ. ಕೀ ಅವರಿಗೆ ಅಂಥ ಗತಿ ಬರಲಿಲ್ಲ. ಅವರು ಹೋದ ಮೇಲೆ ಜಿಮ್‌ನನ್ನು ಮನೆಯವರೇ ನೋಡಿಕೊಂಡರು. ಮೂರು ವರ್ಷ ಬದುಕಿತ್ತು. 1912ರಲ್ಲಿ ಅದೂ ಹೋಯಿತು. ಊರಾಚೆ ಅದರ ಗೋರಿ ಇದೆ, ಕಲ್ಲಿನ ಮೇಲೆ ಹೆಸರಿದೆ. ಆದರೆ ಜನ ಬಹುಬೇಗ ಇಬ್ಬರನ್ನೂ ಮರೆತರು. ಮೋಟಾರು ಗಾಡಿ ಬಂದು ಕುದುರೆಯೇ ರಸ್ತೆಯಿಂದ ಮರೆಯಾದ ಮೇಲೆ ಕುದುರೆಯ ಮೇಷ್ಟರು ಯಾರಿಗೆ ನೆನಪಿರುತ್ತಾರೆ? 2005ರಲ್ಲಿ ಮಿಮ್ ಐಕ್ಲರ್ ರಿವಾಸ್ ಎಂಬ ಲೇಖಕಿ ಹಳೆಯ ಪತ್ರಿಕೆ, ಪುಸ್ತಿಕೆಗಳನ್ನೆಲ್ಲ ಕೆದಕಿ ಇವರ ಬಗ್ಗೆ ದೊಡ್ಡ ಪುಸ್ತಕ ಬರೆದ ಮೇಲೆ ಮತ್ತೆ ಮಾತು ಶುರುವಾಯಿತು.

ಶೆಲ್ಬಿವಿಲ್ ಎಂಬ ಹೆಸರು ಕುದುರೆ ಸಾಕುವವರಿಗೆ ಬೇರೊಂದು ಕಾರಣಕ್ಕೆ ಗೊತ್ತು. 1939ರಿಂದ ಆ ಊರಿನಲ್ಲಿ 'ಟೆನೆಸ್ಸೀ ವಾಕಿಂಗ್ ಹಾರ್ಸ್' ಎಂಬ ತಳಿಯ ದೊಡ್ಡ ಸ್ಪರ್ಧೆ ನಡೆಯುತ್ತ ಬಂದಿದೆ. ಬಳುಕುವ ನಡಿಗೆಯ ಚೆಂದದ ತಳಿ. ಆದರೆ ಮುಂಗಾಲನ್ನು ಎತ್ತೆತ್ತಿ ಹಾಕುವ ಕುದುರೆಗೆ ಬಹುಮಾನ ಬರತೊಡಗಿದ ಮೇಲೆ, ಕೆಲವು ತರಬೇತುಗಾರರು ಒಂದು ದಾರಿ ಹುಡುಕಿದರು. ಕುದುರೆಯ ಮುಂಗಾಲಿನ ಗೆಣ್ಣಿಗೆ ಸಾಸಿವೆ ಎಣ್ಣೆ, ಸೀಮೆಎಣ್ಣೆಯಂಥ ಉರಿಯುವ ವಸ್ತು ಸವರಿ, ಬಟ್ಟೆ ಸುತ್ತಿ ಬಿಡುವುದು. ಚರ್ಮ ಬೆಂದು ಹುಣ್ಣಾಗುತ್ತದೆ. ಮೇಲೆ ಸರಪಳಿ ಕಟ್ಟಿದರೆ ನೆಲಕ್ಕೆ ಕಾಲೂರಲಾರದೆ ಕುದುರೆ ಎತ್ತರಕ್ಕೆ ಎತ್ತಿ ನಡೆಯುತ್ತದೆ. ನೋಡುವವರಿಗೆ ಅದು ಠೀವಿ. ಇದನ್ನು ತಡೆಯಲು 1970ರಲ್ಲಿ ಅಮೆರಿಕ ಸರ್ಕಾರ ಕುದುರೆ ರಕ್ಷಣೆಯ ಕಾಯಿದೆಯನ್ನೇ ಮಾಡಬೇಕಾಯಿತು. ಸ್ಪರ್ಧೆಗೆ ಮುಂಚೆ ಪರೀಕ್ಷಕರು ಕುದುರೆಯ ಕಾಲನ್ನು ಹೆಬ್ಬೆರಳಿನಿಂದ ಒತ್ತಿ ನೋಡುವ ಪದ್ಧತಿ ಬಂತು. ನೋವಿದ್ದರೆ ಅದು ಕಾಲೆಳೆದುಕೊಳ್ಳಬೇಕು. ಅದಕ್ಕೂ ಕೆಲವರು ಪಾಠ ಮಾಡಿಸಿದರು. ಲಾಯದಲ್ಲಿ ತಾವೇ ಒತ್ತಿ ನೋಡುವುದು, ಕುದುರೆ ಕಾಲೆಳೆದುಕೊಂಡರೆ ಹೊಡೆಯುವುದು. ಪರೀಕ್ಷಕರು ಬಂದು ಒತ್ತಿದಾಗ ಅದು ಕಣ್ಣನ್ನೂ ಮಿಟುಕಿಸದೆ ನಿಲ್ಲಲು ಕಲಿಯುವವರೆಗೆ.